ಲೆಕ್ಕದ ಪುಸ್ತಕ ಊರಲ್ಲೇ ಉಳಿಯಲಿ

ಕೃಷಿ ಪದವಿಯ ಕೊನೆ ವರ್ಷದ ಮಕ್ಕಳು ಹಳ್ಳಿಗೆ ಬಂದು ಕೆಲವು ತಿಂಗಳು ಇದ್ದು ಹೋಗುವುದು ನಿಮಗೂ ಗೊತ್ತಿರಬಹುದು. ಗ್ರಾಮೀಣ ಕೃಷಿ ಕಾರ್ಯಾನುಭವ ಅಂತ ಅದರ ಹೆಸರು. 2015ರಲ್ಲಿ ‘ಸ್ಟೂಡೆಂಟ್ ರೆಡಿ’ ಎಂಬ ದೇಶಮಟ್ಟದ ಕಾರ್ಯಕ್ರಮ ಬಂದ ಮೇಲೆ ಇದೂ ಅದರೊಳಗೆ ಸೇರಿದೆ. ನಮ್ಮೂರಿಗೂ ಬಂದಿದ್ದರು. ಊರಿನ ನಕ್ಷೆಯನ್ನು ರಂಗೋಲಿಯಲ್ಲಿ ಬರೆದರು, ಬೀಜೋಪಚಾರ ತೋರಿಸಿದರು, ಕೊನೆಗೊಂದು ವಸ್ತುಪ್ರದರ್ಶನ ಮಾಡಿ ಹೋದರು. ಒಳ್ಳೆ ಮಕ್ಕಳು. ನನ್ನ ತಕರಾರು ಅವರ ಮೇಲಲ್ಲ.

ನನ್ನದು ಮಳೆ ನಂಬಿದ ನಾಲ್ಕು ಎಕರೆ ಕೆಂಪು ಮಣ್ಣು. ಶೇಂಗಾ ಮುಖ್ಯ ಬೆಳೆ. ಗಿಡ ಚೆನ್ನಾಗಿ ಬಂದರೂ ಜೊಳ್ಳು ಕಾಯಿ ಜಾಸ್ತಿ. ಬಂದವರಲ್ಲಿ ಒಬ್ಬ ಹುಡುಗ ‘ಜಿಪ್ಸಂ ಹಾಕಿ ನೋಡೋಣ’ ಅಂದ. ಕಾಯಿಗೆ ಬೇಕಾದ ಸುಣ್ಣದಂಶವನ್ನು ಕಾಯಿಯೇ ಸುತ್ತಲಿನ ಮಣ್ಣಿನಿಂದ ಹೀರಿಕೊಳ್ಳುತ್ತದೆ, ಹಾಗಾಗಿ ಹೂವಿನ ಸೂಜಿ ಮಣ್ಣಿಗಿಳಿಯುವ ಹೊತ್ತಿಗೆ ಬುಡಕ್ಕೆ ಕೊಡಬೇಕು, ಎಕರೆಗೆ 200 ಕಿಲೋ ಲೆಕ್ಕ ಅಂತ ತಿಳಿಸಿ ಹೇಳಿದ. ಮೂವತ್ತು ವರ್ಷ ಶೇಂಗಾ ಬೆಳೆದ ನನಗೆ ಇದು ಗೊತ್ತಿರಲಿಲ್ಲ.

ಎಂಟು ಸಾಲಿಗೆ ಹಾಕಿದೆವು, ಪಕ್ಕದ ಎಂಟು ಸಾಲು ಹಾಗೇ ಬಿಟ್ಟೆವು. ಕಿತ್ತಾಗ ಎರಡೂ ಕಡೆಯಿಂದ ನೂರು ನೂರು ಕಾಯಿ ತೆಗೆದು ಸುಲಿದು ಎಣಿಸಿದ, ತೂಕ ಬರೆದುಕೊಂಡ. ವ್ಯತ್ಯಾಸ ಕಂಡಿತು. ಎಷ್ಟು ಅಂತ ಇವತ್ತು ಕೇಳಿದರೆ ನನ್ನ ಹತ್ತಿರ ಉತ್ತರವಿಲ್ಲ. ಪುಸ್ತಕ ಅವನ ಜೊತೆ ಹೋಯಿತು. ಅವನಿಗೆ ಮಾರ್ಕ್ಸ್ ಬಿದ್ದಿರಬೇಕು, ನನಗೆ ಒಂದು ಕಾಗದವೂ ಬರಲಿಲ್ಲ.

ಮಾರನೇ ವರ್ಷ ನಾನೇ ದುಡ್ಡು ಕೊಟ್ಟು ಒಂದು ಎಕರೆಗೆ ಜಿಪ್ಸಂ ಹಾಕಿದೆ. ಹಾಕಿದ ಮೇಲೆ ಮಳೆ ಕೈಕೊಟ್ಟಿತು. ತೇವವಿಲ್ಲದೆ ಅದು ಕರಗೋದು ಹೇಗೆ? ಏನೂ ಪ್ರಯೋಜನ ಕಾಣಲಿಲ್ಲ. ಆ ವರ್ಷ ಬಂದ ಹುಡುಗಿಯರಿಗೆ ಹಿಂದೆ ಇಲ್ಲಿ ಪ್ರಯೋಗ ನಡೆದದ್ದೇ ತಿಳಿದಿರಲಿಲ್ಲ. ಗೆದ್ದ ಲೆಕ್ಕ ಪರಊರಿಗೆ ಹೋಯಿತು, ಸೋತ ಲೆಕ್ಕ ಯಾರೂ ಬರೆಯಲಿಲ್ಲ.

ಒಣಭೂಮಿಯಲ್ಲಿ ಒಂದು ವರ್ಷದ ಪ್ರಯೋಗ ಅಂದರೆ ಅರ್ಧ ಮಾತು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ 1964ರದು, ಶಿವಮೊಗ್ಗದ್ದು 2012ರದು. ಹೊಸ, ಸಣ್ಣ ವಿಶ್ವವಿದ್ಯಾಲಯಗಳು ಹೋಬಳಿಗೊಂದು ಸಂಶೋಧನಾ ಕೇಂದ್ರ ತೆರೆಯೋಕೆ ಆಗೋದಿಲ್ಲ. ಆದರೆ ಪ್ರತಿ ವರ್ಷ ಅವರ ಹತ್ತಿರ ಹೊಸ ಮಕ್ಕಳಿರುತ್ತಾರೆ. ‘ಸಂಶೋಧನೆ ಎಂ.ಎಸ್ಸಿ. ಓದುವವರ ಕೆಲಸ, ಇವರಿಗ್ಯಾಕೆ’ ಅಂತ ಮೇಷ್ಟ್ರುಗಳು ಅನ್ನಬಹುದು. ಎಣಿಸೋದು, ತೂಗೋದು, ಇದ್ದದ್ದನ್ನು ಇದ್ದ ಹಾಗೆ ಬರೆಯೋದು ಸಂಶೋಧನೆ ಅಲ್ಲವೆ?

ನನ್ನ ಬೇಡಿಕೆ ಇಷ್ಟೆ. ಪ್ರಶ್ನೆ ರೈತನದಾಗಿರಲಿ. ಒಂದೇ ಪ್ರಶ್ನೆಯನ್ನು ಅದೇ ಊರಿನ ಮೂರು ನಾಲ್ಕು ಹೊಲದಲ್ಲಿ, ಮೂರು ನಾಲ್ಕು ವರ್ಷ, ಒಂದು ತಂಡದ ನಂತರ ಇನ್ನೊಂದು ತಂಡ ನೋಡಲಿ. ಬಿತ್ತಿದ ದಿನ, ಬಿದ್ದ ಮಳೆ, ಬಂದ ತೂಕ ಎಲ್ಲ ಎರಡು ಪುಸ್ತಕದಲ್ಲಿ ಬರೆಯಲಿ. ಒಂದು ಕಾಲೇಜಿಗೆ, ಇನ್ನೊಂದು ಕನ್ನಡದಲ್ಲಿ ಊರಿಗೆ. ಪ್ರಯೋಗ ಸೋತಿತು ಅಂತ ನಿಜ ಬರೆದ ಮಗುವಿಗೆ ಮಾರ್ಕ್ಸ್ ಕಡಿಮೆ ಮಾಡಬಾರದು.

ನಮ್ಮ ಪಾಲೂ ಇದೆ. ಹೋಲಿಕೆಗೆ ಬಿಟ್ಟ ಸಾಲು ಸೊರಗಿತು ಅಂತ ಕದ್ದು ಗೊಬ್ಬರ ಎರಚಬಾರದು. ಕಿತ್ತ ಕಾಯಿ ಎಲ್ಲ ಒಂದೇ ರಾಶಿ ಮಾಡಿದರೆ ಮಕ್ಕಳ ಶ್ರಮ ಮಣ್ಣುಪಾಲು.

ನಾನು ನೂರು ಹಾಳೆಯ ಪುಸ್ತಕವೊಂದನ್ನು ತಂದಿಟ್ಟಿದ್ದೇನೆ. ಮೊದಲ ಪುಟದಲ್ಲಿ ಎರಡು ವರ್ಷದ ಜಿಪ್ಸಂ ಕತೆಯನ್ನು ನೆನಪಿದ್ದಷ್ಟು ಬರೆದಿದ್ದೇನೆ. ಮುಂದಿನ ತಂಡ ಬಂದಾಗ ಎರಡನೇ ಪುಟ ಅವರದು. ನಿಮ್ಮ ಹೊಲದಲ್ಲೂ ಮಕ್ಕಳು ಪ್ರಯೋಗ ಮಾಡಿದ್ದರೆ ಲೆಕ್ಕ ಏನಾಯಿತು ಅಂತ ಪತ್ರಿಕೆಗೆ ಬರೆಯಿರಿ.