ಕ್ವಾಂಟಮ್ ಸಿಟಿ ಹೆಸರಘಟ್ಟಕ್ಕೆ ಸರಿ, ಹಾನಗಲ್ಲಿನ ಪಹಣಿಗೆ ಏನು?

ಹಾನಗಲ್ಲಿನಲ್ಲಿ ಪಹಣಿ ತೆಗೆಸಲು ಸರದಿಯಲ್ಲಿ ನಿಂತಿದ್ದೆ. ಜೊತೆಗಿದ್ದ ಪಿಯುಸಿ ಓದುವ ತಮ್ಮ ಕೇಳಿದ: "ಅಣ್ಣಾ, ಕ್ವಾಂಟಮ್ ಕಂಪ್ಯೂಟರ್ ಅಂದ್ರ ಭಾಳ ಫಾಸ್ಟ್ ಇರೋ ಕಂಪ್ಯೂಟರ್, ಹೌದಲ್ಲ?"

ಅಲ್ಲ. ಅದು ಬೇರೆ ಥರದ್ದೇ ಯಂತ್ರ.

ನಮ್ಮ ಮೊಬೈಲು, ತಹಶೀಲ್ದಾರ್ ಕಚೇರಿಯ ಕಂಪ್ಯೂಟರು ನಡೆಯೋದು ಬಿಟ್‌ಗಳ ಮೇಲೆ. ಒಂದು ಬಿಟ್ ಅಂದರೆ 0 ಅಥವಾ 1. ಕ್ವಾಂಟಮ್ ಕಂಪ್ಯೂಟರಿನ ಕ್ಯೂಬಿಟ್, ಅಳೆಯುವ ತನಕ, ಎರಡರ ಬೆರಕೆ ಸ್ಥಿತಿಯಲ್ಲಿರಬಲ್ಲದು. 10 ಕ್ಯೂಬಿಟ್‌ಗಳ ಸ್ಥಿತಿ ಬರೆದಿಡಲು 1,024 ಸಂಖ್ಯೆಗಳು ಬೇಕು. ಇನ್ನೊಂದು ಕ್ಯೂಬಿಟ್ ಸೇರಿದರೆ ಅದು ಇಮ್ಮಡಿ. ಆದರೆ ಅಳೆದಾಗ ಸಿಗೋದು ಒಂದೇ ಉತ್ತರ. ಅದಕ್ಕೇ ತಪ್ಪು ಉತ್ತರಗಳ ಅಲೆಗಳು ಒಂದನ್ನೊಂದು ಅಳಿಸಿಕೊಂಡು, ಸರಿ ಉತ್ತರ ಬಲಗೊಳ್ಳುವಂತೆ ಲೆಕ್ಕ ಹೆಣೆಯಬೇಕು. ಇಂಥ ಹೆಣಿಗೆ ಗೊತ್ತಿರೋದು ಕೆಲವೇ ಬಗೆಯ ಸಮಸ್ಯೆಗಳಿಗೆ. ವಾಟ್ಸಾಪ್ ನೋಡಲು, ಪಹಣಿ ಮುದ್ರಿಸಲು ಇದರಿಂದ ಏನೂ ಲಾಭವಿಲ್ಲ.

ಹಾಗಾದರೆ ನಮಗ್ಯಾಕೆ ಚಿಂತೆ? ದೊಡ್ಡ ಸಂಖ್ಯೆಯೊಂದನ್ನು ಅದರ ಅಪವರ್ತನಗಳಾಗಿ ಒಡೆಯುವ ಕ್ವಾಂಟಮ್ ವಿಧಾನವನ್ನು ಪೀಟರ್ ಶೋರ್ 1994ರಲ್ಲೇ ತೋರಿಸಿದರು. ಇವತ್ತಿನ ಡಿಜಿಟಲ್ ಸಹಿ, ಬ್ಯಾಂಕ್ ವ್ಯವಹಾರದ ಬೀಗಗಳು ನಿಂತಿರೋದು ಇಂಥ ಲೆಕ್ಕಗಳು ಅತಿ ಕಷ್ಟ ಅನ್ನೋ ನಂಬಿಕೆಯ ಮೇಲೆ. ನಾಳೆಯೇ ಬೀಗ ಮುರಿಯೋದಿಲ್ಲ. ಬೆಂಗಳೂರಿನ ಕ್ಯೂಪಿಎಐ ಕಂಪನಿ 2025ರಲ್ಲಿ ಹೊರತಂದ ಯಂತ್ರದಲ್ಲಿರೋದು 25 ಕ್ಯೂಬಿಟ್. ಮುರಿಯಲು ಲಕ್ಷಗಟ್ಟಲೆ ಬೇಕು. ಆದರೆ ಇಂದು ಕದ್ದಿಟ್ಟ ದತ್ತಾಂಶವನ್ನು ಮುಂದೊಂದು ದಿನ ತೆರೆಯಬಹುದು. ಅದಕ್ಕೇ ಅಮೆರಿಕದ ಮಾನಕ ಸಂಸ್ಥೆ ಎನ್‌ಐಎಸ್‌ಟಿ 2024ರ ಆಗಸ್ಟ್‌ನಲ್ಲಿ ಹೊಸ ಬೀಗಗಳ ಮಾನದಂಡ ಪ್ರಕಟಿಸಿತು.

ಕೇಂದ್ರ ಸರ್ಕಾರ 2023ರಲ್ಲಿ ರಾಷ್ಟ್ರೀಯ ಕ್ವಾಂಟಮ್ ಮಿಷನ್‌ಗೆ 6,003 ಕೋಟಿ ರೂಪಾಯಿ ಒಪ್ಪಿತು. ರಾಜ್ಯ ಸರ್ಕಾರ 2025ರಲ್ಲಿ 1,000 ಕೋಟಿ ಘೋಷಿಸಿ, ಹೆಸರಘಟ್ಟದಲ್ಲಿ ಕ್ವಾಂಟಮ್ ಸಿಟಿಗೆ 6.17 ಎಕರೆ ಕೊಟ್ಟಿತು. ಸಂಶೋಧನೆಗೆ ಹಣ ಬೇಕು, ತಕರಾರಿಲ್ಲ. ಆದರೆ ಶಿಗ್ಗಾವಿ, ಸವಣೂರು, ಹಿರೇಕೆರೂರಿನ ರೈತರ ಭೂದಾಖಲೆ, ಆಧಾರ್, ಬ್ಯಾಂಕ್ ಖಾತೆ ಎಲ್ಲವನ್ನೂ ಆನ್‌ಲೈನ್‌ಗೆ ತಂದಿದ್ದು ಸರ್ಕಾರಗಳೇ. ಬೀಗ ಬದಲಿಸುವ ಹೊಣೆಯೂ ಅವರದ್ದೇ.

ಆದ್ದರಿಂದ ನಿಮ್ಮ ಶಾಸಕರಿಗೆ ಎರಡು ಪ್ರಶ್ನೆ ಕೇಳಿ. ನಮ್ಮ ದಾಖಲೆಗಳಿಗೆ ಹೊಸ ಬೀಗ ಯಾವ ವರ್ಷದೊಳಗೆ ಬರುತ್ತೆ? ಆ ಕ್ವಾಂಟಮ್ ಹಣದಲ್ಲಿ ನಮ್ಮ ತಾಲೂಕಿನ ಕಾಲೇಜುಗಳ ಭೌತಶಾಸ್ತ್ರ ಪ್ರಯೋಗಾಲಯಕ್ಕೆ ಎಷ್ಟು?

ನನ್ನ ತಮ್ಮನ ಪ್ರಶ್ನೆಗೆ ಸರದಿಯಲ್ಲಿ ನಿಂತು ನಾನು ಉತ್ತರ ಕೊಟ್ಟೆ. ಅದನ್ನು ಅವನು ತನ್ನ ಕಾಲೇಜಿನಲ್ಲೇ ಕಲಿಯುವಂತಾಗಬೇಕು.