ಪರದೆಯ ಬೆಳಕು

ಬೆಳಿಗ್ಗೆ ತುಂಬಿದ ಬ್ಯಾಟರಿ ಸಂಜೆಗೆ ಬರಿದಾಯಿತೆಂದು ಜನರು ಫೋನಿನ ತಯಾರಕರನ್ನು ದೂರುವುದುಂಟು. ಆ ದೂರಿನಲ್ಲಿ ಅರ್ಧ ಸತ್ಯ ಮಾತ್ರವಿದೆ. ಸ್ಮಾರ್ಟ್‌ಫೋನಿನಲ್ಲಿ ವಿದ್ಯುತ್ತನ್ನು ಅತಿಯಾಗಿ ಬಳಸುವ ಭಾಗಗಳಲ್ಲಿ ಪರದೆಯೂ ಒಂದು. ನೆರಳಿನಲ್ಲಿ ಕುಳಿತವನಿಗೆ ನಡುಹಗಲಿನ ಬಿಸಿಲಿಗೆ ಬೇಕಾಗುವಷ್ಟು ಪ್ರಕಾಶವೇತಕ್ಕೆ? ಸೆಟ್ಟಿಂಗ್ಸ್‌ನಲ್ಲಿ ಅದನ್ನು ತಗ್ಗಿಸಿ, ಬಳಸದಿರುವಾಗ ಪರದೆ ಅರ್ಧ ನಿಮಿಷದಲ್ಲಿ ತಾನಾಗಿಯೇ ಆರುವಂತೆ ಮಾಡಿದರೆ ಓದುವ ವೇಳೆ ಹೆಚ್ಚುತ್ತದೆ.

ಕಪ್ಪು ಹಿನ್ನೆಲೆಯನ್ನು ಕೆಲವರು ಬಹಳವಾಗಿ ಹೊಗಳುತ್ತಾರೆ. ಒಎಲ್‌ಇಡಿ ಪರದೆಯಲ್ಲಿ ಪ್ರತಿಯೊಂದು ಬಿಂದುವೂ ತಾನೇ ಬೆಳಗುತ್ತದೆ. ಕಪ್ಪು ಬಿಂದುವೆಂದರೆ ಆರಿದ ಹಣತೆ. ಅಲ್ಲಿ ಉಳಿತಾಯ ನಿಜ. ಎಲ್‌ಸಿಡಿ ಪರದೆಯ ಹಿಂದಿನ ದೀಪವಾದರೋ ಕಪ್ಪು ಚಿತ್ರಕ್ಕೂ ಉರಿಯುತ್ತಲೇ ಇರುವುದರಿಂದ ಫಲ ಅತ್ಯಲ್ಪ. ಇನ್ನು, ತೆರೆದ ಆ್ಯಪ್‌ಗಳನ್ನೆಲ್ಲ ಗಳಿಗೆಗೊಮ್ಮೆ ಮುಚ್ಚುವ ಅಭ್ಯಾಸ ವ್ಯರ್ಥ ಶ್ರಮವೇ ಸರಿ. ಮೊದಲಿನಿಂದ ತೆರೆಯುವಾಗ ಹೆಚ್ಚು ವಿದ್ಯುತ್ತು ವೆಚ್ಚವಾಗುವುದುಂಟು.

1991ರಲ್ಲಿ ಮಾರುಕಟ್ಟೆಗೆ ಬಂದ ಲಿಥಿಯಮ್-ಅಯಾನ್ ಬ್ಯಾಟರಿಗೆ ಕಾವು ಪರಮ ವೈರಿ. ಸದಾ 100ರವರೆಗೆ ತುಂಬಿಸಿಡುವುದೂ ಅದರ ಆಯುಸ್ಸನ್ನು ಕುಗ್ಗಿಸುತ್ತದೆ. ಅದಕ್ಕಾಗಿಯೇ ಅನೇಕ ಫೋನುಗಳಲ್ಲಿ ಶೇಕಡ 80ಕ್ಕೆ ನಿಲ್ಲಿಸುವ ಏರ್ಪಾಡುಂಟು. ಅದನ್ನು ಹುಡುಕಿ ನೋಡುವವರು ವಿರಳ.

ಮಲೆನಾಡಿನ ಕಣಿವೆಗಳಲ್ಲಿ ತೊಡಕು ಬೇರೆ. ಟವರ್ ದೂರವಿದ್ದಲ್ಲಿ ಫೋನು ಸಿಗ್ನಲ್ಲನ್ನು ಅರಸುತ್ತಲೇ ಬಳಲುತ್ತದೆ. ಸಿಗ್ನಲ್ಲೇ ಸಿಗದ ಕಾಡುದಾರಿಯಲ್ಲಿ ಫ್ಲೈಟ್ ಮೋಡ್‌ನಲ್ಲಿಟ್ಟರೆ ಆ ವೆಚ್ಚ ತಪ್ಪುತ್ತದೆ. ಜಡಿಮಳೆಯಲ್ಲಿ ಕರೆಂಟು ಹೋದ ರಾತ್ರಿ ಮನೆಯ ಹಿರಿಯರಿಗೆ ಎದೆನೋವು ಬಂದಾಗ, 108ಕ್ಕೆ ಕರೆ ಮಾಡಲು ಬೇಕಾಗುವುದು ಹಗಲಿನಲ್ಲಿ ಉಳಿದ ಆ ಸ್ವಲ್ಪ ವಿದ್ಯುತ್ತೇ.