ತುಪಾಕಿ ರಾಮುಡಿನ ತುಪಾಕಿ ನಮಗೆ ಬೇಡ

"ಮಾವಾ, ಇಂಥದ್ದೊಂದು ಕೈಯಲ್ಲಿದ್ರೆ ಒಂದು ಹಂದಿನೂ ಹೊಲಕ್ಕೆ ಕಾಲಿಡಲ್ಲ ನೋಡು" ಅಂತ ನಮ್ಮೂರ ಹುಡುಗನೊಬ್ಬ ಮೊನ್ನೆ ಟೀ ಅಂಗಡಿಯಲ್ಲಿ ಮೊಬೈಲನ್ನು ನನ್ನ ಮುಂದೆ ಹಿಡಿದ. ಅಮೆರಿಕದ ಟೆಕ್ಸಾಸ್ ಕಡೆಯ ರೈತನೊಬ್ಬ ಸೆಮಿ ಆಟೋಮ್ಯಾಟಿಕ್ ರೈಫಲ್ ಹಿಡಿದು ಹಂದಿ ಹಿಂಡನ್ನು ಉರುಳಿಸುತ್ತಿದ್ದ. ಹಿಂದಿನ ರಾತ್ರಿಯಷ್ಟೇ ಈ ಹುಡುಗನ ಎರಡೆಕರೆ ಕಡ್ಲೆಕಾಯಿಯನ್ನು ಹಂದಿಗಳು ನೇಗಿಲು ಹೊಡೆದ ಹಾಗೆ ಅಗೆದು ಹಾಕಿದ್ದವು. ಬೀಜ, ಗೊಬ್ಬರ, ಕೂಲಿ ಎಲ್ಲಾ ಮಣ್ಣುಪಾಲು. "ಕಡಿಮೆ ದುಡ್ಡಲ್ಲಿ, ಕೈಕೊಡದೇ ಇರೋ ಅಂಥ ತುಪಾಕಿ ಯಾವುದು ಸಿಗುತ್ತೆ ಹೇಳು" ಅಂದ.

ಮಡಕಶಿರಾ, ಅಮರಾಪುರ, ರೊಳ್ಳ ಸೀಮೆಯಲ್ಲಿ ಈ ಪ್ರಶ್ನೆ ಅವನೊಬ್ಬನದಲ್ಲ. ಗಡಿ ದಾಟಿದರೆ ಪಾವಗಡ, ಮಧುಗಿರಿ, ಶಿರಾ ಕಡೆಯ ರೈತರೂ ಇದನ್ನೇ ಕೇಳುತ್ತಾರೆ. ಆದ್ದರಿಂದ ನನಗೆ ತಿಳಿದಷ್ಟನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಮಾತು. ಸೆಮಿ ಆಟೋಮ್ಯಾಟಿಕ್ ರೈಫಲ್ ಆಸೆ ಬಿಟ್ಟುಬಿಡಿ. 2016ರ ಶಸ್ತ್ರಾಸ್ತ್ರ ನಿಯಮಗಳು ಅದನ್ನು ನಿರ್ಬಂಧಿತ ವರ್ಗದಲ್ಲಿ ಇಟ್ಟಿವೆ. ಅದರ ಲೈಸೆನ್ಸು ನಮ್ಮ ಜಿಲ್ಲಾ ಕಲೆಕ್ಟರ್ ಕೈಯಲ್ಲಿಲ್ಲ, ದೆಹಲಿಯ ಗೃಹ ಮಂತ್ರಾಲಯದ ಕೈಯಲ್ಲಿದೆ. ಕಡ್ಲೆಕಾಯಿ ಹೊಲ ತೋರಿಸಿ ಅದನ್ನು ಕೇಳಲಿಕ್ಕಾಗದು.

ಕಾನೂನು ಬಿಟ್ಟುಬಿಡೋಣ, ಕೆಲಸದ ಲೆಕ್ಕದಲ್ಲೂ ಅದು ನಮಗೆ ಹೊಂದುವುದಿಲ್ಲ. ಅದರಲ್ಲಿ ಒಂದು ಗುಂಡು ಹಾರಿದ ಹೊಗೆಯ ಒತ್ತಡವೋ, ಹಿಮ್ಮೆಟ್ಟುವ ಏಟೋ ಖಾಲಿ ತೋಟಾವನ್ನು ಹೊರಗೆ ಎಸೆದು ಮುಂದಿನದನ್ನು ತುಂಬಬೇಕು. ತೋಟಾ ಕೊಂಚ ಮೆತ್ತಗಾದರೆ, ಒಳಗೆ ಧೂಳು ಕೂತರೆ ನಡುವೆಯೇ ಸಿಕ್ಕಿಕೊಳ್ಳುತ್ತದೆ. ನಮ್ಮ ಕೆಂಪು ಮಣ್ಣಿನ ಧೂಳು, ಮಳೆಗಾಲದ ತೇವ ನಿಮಗೆ ಗೊತ್ತೇ ಇದೆ. ಇನ್ನು ರೈಫಲ್ ಗುಂಡು ಹಂದಿಗೆ ತಾಗದಿದ್ದರೆ ಅಲ್ಲೇ ಬೀಳುವುದಿಲ್ಲ. ಸಣ್ಣ .22 ಗುಂಡು ಕೂಡ ಕಿಲೋಮೀಟರಿಗಿಂತ ಮುಂದೆ ಹೋಗಬಲ್ಲದು. ಆಚೆ ಹೊಲದಲ್ಲಿ ನೀರು ಕಟ್ಟುತ್ತಾ ಇರುವವನು ನಮ್ಮ ಅಣ್ಣನೋ ತಮ್ಮನೋ ಆಗಿರುತ್ತಾನೆ.

ತೆಲುಗಿನಲ್ಲಿ ತುಪಾಕಿ ರಾಮುಡು ಅಂತ ಒಬ್ಬನಿದ್ದಾನೆ. ಮರದ ತುಪಾಕಿ ಹೆಗಲಿಗೇರಿಸಿ ಊರೂರಲ್ಲಿ ಬಡಾಯಿ ಕೊಚ್ಚಿ ನಗಿಸುವ ವೇಷಗಾರ. ಹೊಲಕ್ಕೆ ತಕ್ಕ ಆಯುಧ ಬಿಟ್ಟು ಜನ ಬಾಯಿ ಬಿಟ್ಟು ನೋಡುವ ಆಯುಧ ಹುಡುಕಿದರೆ ನಾವೂ ಅದೇ ವೇಷ ಕಟ್ಟಿದ ಹಾಗೆ.

ಹಾಗಾದರೆ ಯಾವುದು? 1959ರ ಶಸ್ತ್ರಾಸ್ತ್ರ ಕಾಯಿದೆಯ 13ನೇ ಕಲಮು ರೈತನ ಮಾತೆತ್ತುತ್ತದೆ. ನಿಜವಾಗಿ ಬೆಳೆ ಕಾಯಲಿಕ್ಕೆ ಬಾಯಿಂದ ಮದ್ದು ತುಂಬುವ ತುಪಾಕಿಗೆ ಲೈಸೆನ್ಸು ಕೊಡಬಹುದು. ಅದು ಸಾಲದು ಎಂದು ಅಧಿಕಾರಿಗೆ ಮನವರಿಕೆಯಾದರೆ ಬೇರೆ ನುಣುಪು ನಳಿಗೆಯ ಬಂದೂಕಿಗೂ ಕೊಡಬಹುದು. ಈ ಎರಡನೇ ಮಾತು ಬಹಳ ಜನರಿಗೆ ತಿಳಿಯದು. ಅರ್ಜಿಯಲ್ಲಿ ಅದನ್ನು ಬಿಡಿಸಿ ಬರೆಯಿರಿ.

ನನ್ನ ಓಟು 12 ಬೋರಿನ ಒಂಟಿ ನಳಿಗೆಗೆ. ನಡು ಮುರಿದು ಒಂದು ತೋಟಾ ಹಾಕು, ಮುಚ್ಚು, ಹೊಡಿ. ಕೆಡಲಿಕ್ಕೆ ಒಳಗೆ ಹೆಚ್ಚು ಸಾಮಾನೇ ಇಲ್ಲ. ತೋಟಾ ಹುಡುಕಿಕೊಂಡು ಅಲೆಯಬೇಕಿಲ್ಲ. ಗುಂಡುಗಳ ಜೋರು ಮೂವತ್ತೈದು ನಲವತ್ತು ಮೀಟರಿಗೆ ಇಳಿಯುತ್ತದೆ, ಹೊಲ ಕಾಯುವವನಿಗೆ ಅಷ್ಟು ಸಾಕು. ಆದರೂ ಹಿಂದೆ ಏನಿದೆ ಎಂದು ನೋಡದೆ ಹೊಡೆಯಬಾರದು. ನಮ್ಮ ಅಪ್ಪನ ಕಾಲದ ಒಂಟಿ ನಳಿಗೆ ನನ್ನ ಹತ್ತಿರ ಇದೆ. ಅದು ಹಂದಿ ಕೊಂದದ್ದಕ್ಕಿಂತ ಆಕಾಶಕ್ಕೆ ಸದ್ದು ಮಾಡಿ ಬೆಳೆ ಉಳಿಸಿದ್ದೇ ಹೆಚ್ಚು.

ಹೊಸದು ಕೊಳ್ಳಲಾಗದಿದ್ದರೆ ಹಳೆಯದು ಕೊಳ್ಳಿ, ಆದರೆ ಲೈಸೆನ್ಸು ಇರುವ ಡೀಲರ ಮೂಲಕ ಮಾತ್ರ. ಎತ್ತಿನ ಹಲ್ಲು ನೋಡುವ ಹಾಗೆ ನೋಡಿ ತಗೊಳ್ಳಬೇಕು. ಖಾಲಿ ಇದೆಯೆಂದು ಎರಡು ಸಲ ಖಾತ್ರಿ ಮಾಡಿಕೊಂಡು ನಳಿಗೆಯನ್ನು ಬೆಳಕಿಗೆ ಹಿಡಿಯಿರಿ. ಒಳಗೆ ತುಕ್ಕಿನ ಗುಳಿ, ಹೊರಗೆ ಉಬ್ಬು ಇದ್ದರೆ ಬೇಡ. ಮುಚ್ಚಿ ಅಲ್ಲಾಡಿಸಿದಾಗ ಕೀಲು ಲೊಡಲೊಡ ಅಂದರೆ ಬೇಡ. ಹಿಡಿಯ ಹತ್ತಿರ ಕಟ್ಟಿಗೆ ಸೀಳಿದ್ದರೆ ಬೇಡ. ಪ್ರೂಫ್ ಗುರುತು ಇದೆಯೋ, ನಂಬರು ಕಾಗದದೊಂದಿಗೆ ತಾಳೆಯಾಗುತ್ತದೋ ನೋಡಿ. ಹಳೆಯ ಸೀಮೆ ಬಂದೂಕುಗಳಲ್ಲಿ ತೋಟಾ ಕೂರುವ ಜಾಗ 65 ಮಿಲಿಮೀಟರ್ ಇರುವುದುಂಟು. ಅದಕ್ಕೆ 70 ಮಿಲಿಮೀಟರ್ ತೋಟಾ ಹಾಕಿದರೆ ಅಪಾಯ. ಡೀಲರನ್ನು ಬಾಯಿಬಿಟ್ಟು ಕೇಳಿ.

ಮನೆಯಲ್ಲಿ ಅಪ್ಪನ ಬಂದೂಕಿದ್ದರೆ ಕೊಳ್ಳುವ ಖರ್ಚೇ ಇಲ್ಲ. ಲೈಸೆನ್ಸುದಾರನಿಗೆ 70 ವರ್ಷ ತುಂಬಿದರೆ, ಇಲ್ಲವೇ ಆತ 25 ವರ್ಷ ಬಂದೂಕು ಇಟ್ಟುಕೊಂಡಿದ್ದರೆ, ಬದುಕಿದ್ದಾಗಲೇ ವಾರಸುದಾರನ ಹೆಸರಿಗೆ ಅರ್ಜಿ ಹಾಕಬಹುದು. ಅಪ್ಪ ಹೋದ ಮೇಲೆ ಕಚೇರಿ ಸುತ್ತುವ ಬದಲು ಈಗಲೇ ಮಾಡಿಸಿ. 2019ರ ತಿದ್ದುಪಡಿಯಿಂದ ಲೈಸೆನ್ಸಿನ ಅವಧಿ 3 ವರ್ಷದಿಂದ 5 ವರ್ಷಕ್ಕೆ ಏರಿದೆ, ಅದೊಂದು ಅನುಕೂಲ.

ನಾಡ ತುಪಾಕಿ ಮಾತ್ರ ಮುಟ್ಟಬೇಡಿ. ಅಗ್ಗ ಅಂತ ಕದ್ದು ತಂದವನೊಬ್ಬ ನಮ್ಮ ಪಕ್ಕದೂರಲ್ಲಿದ್ದ. ನಳಿಗೆ ಸಿಡಿದು ಎಡಗೈಯ ಎರಡು ಬೆರಳು ಹೋದವು, ಮೇಲೆ ಕೇಸು ಬೇರೆ. ಬೇಲಿಗೆ ಕರೆಂಟು ಕೊಡುವುದು ಅದಕ್ಕಿಂತ ಕೆಟ್ಟದ್ದು. ಅದಕ್ಕೆ ಹಂದಿ ಯಾವುದು, ಎತ್ತು ಯಾವುದು, ಮಗ ಯಾರು ತಿಳಿಯದು.

ಈಗ ಗಡಿಯವರ ಕಷ್ಟ. ಬಂದೂಕಿನ ಲೈಸೆನ್ಸು ಬೇರೆ, ಹಂದಿ ಹೊಡೆಯುವ ಅಪ್ಪಣೆ ಬೇರೆ. 1972ರ ವನ್ಯಜೀವಿ ಕಾಯಿದೆಯ 11ನೇ ಕಲಮಿನಂತೆ ಬೆಳೆ ಹಾಳುಮಾಡುವ ಹಂದಿಯನ್ನು ಹೊಡೆಯಲು ಅರಣ್ಯ ಅಧಿಕಾರಿಯ ಲಿಖಿತ ಅಪ್ಪಣೆ ಬೇಕು. ಲೈಸೆನ್ಸಿನಲ್ಲಿ ಅದು ಎಲ್ಲೆಲ್ಲಿ ಚಲಾವಣೆ ಅಂತಲೂ ಬರೆದಿರುತ್ತದೆ. ನನ್ನಂತೆ ಮನೆ ಆಂಧ್ರದಲ್ಲಿ, ಒಂದು ಹೊಲ ಕರ್ನಾಟಕದಲ್ಲಿ ಇರುವವನು ಬದು ದಾಟಿದರೆ ತಪ್ಪಿತಸ್ಥನಾಗಬಹುದು. ಹಂದಿ ಮಾತ್ರ ರಾತ್ರಿಗೆ ನಾಲ್ಕು ಸಲ ದಾಟುತ್ತದೆ.

ಕೇರಳ 2022ರಲ್ಲಿ ಹಂದಿ ಹೊಡೆಸುವ ಅಪ್ಪಣೆಯ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳ ಅಧ್ಯಕ್ಷರಿಗೇ ಕೊಟ್ಟಿತು. ನಮ್ಮ ಎರಡು ಸರ್ಕಾರಗಳೂ ಕೂತು ಗಡಿ ತಾಲೂಕುಗಳಿಗೆ ಒಂದು ಏರ್ಪಾಟು ಮಾಡಬೇಕು: ಬೆಳೆ ರಕ್ಷಣೆಯ ಅರ್ಜಿಗೆ ಗಡುವು, ಎರಡೂ ಕಡೆ ಹೊಲ ಇರುವವನಿಗೆ ಎರಡೂ ಕಡೆ ನಡೆಯುವ ಲೈಸೆನ್ಸು, ಬೆಳೆ ನಷ್ಟಕ್ಕೆ ಆ ಹಂಗಾಮಿನಲ್ಲೇ ಪರಿಹಾರ. ರೈತನಿಗೆ ನೇರ ದಾರಿ ಮುಚ್ಚಿದರೆ ಅವನು ನಾಡ ತುಪಾಕಿಯ ಕಳ್ಳದಾರಿ ಹಿಡಿಯುತ್ತಾನೆ. ಆ ತಪ್ಪಿನಲ್ಲಿ ಕಚೇರಿಗೂ ಪಾಲಿದೆ.

ಹುಡುಗನಿಗೆ ಇಷ್ಟನ್ನೇ ಹೇಳಿದೆ. "ಅಷ್ಟು ತಿರುಗಾಟ ಯಾರು ಮಾಡ್ತಾರೆ ಮಾವಾ" ಅಂದ. ಸೋಮವಾರ ಪಹಣಿ, ಆಧಾರು ತಗೊಂಡು ಬಾ, ಅರ್ಜಿ ನಾನೇ ತೆಲುಗಿನಲ್ಲಿ ಬರೆದುಕೊಡ್ತೀನಿ, ಜೊತೆಗೂ ಬರ್ತೀನಿ ಅಂದಿದ್ದೇನೆ. ಅದುವರೆಗೆ ಹೊಲದ ಮಂಚಿಕೆಯ ಮೇಲೆ ಡಬ್ಬ ಬಡಿಯುವುದು ಇದ್ದೇ ಇದೆ.